ಹೋಸ್ಟಾ ಎಲೆಯ ನೀಲಿ ಎಲ್ಲಿ ಹೋಯಿತು?

ಪ್ರಶ್ನೆ: ನಮಸ್ಕಾರ ಮೇಡಂ. ನಾವಿರುವುದು ನ್ಯೂಜೆರ್ಸಿಯಲ್ಲಿ. ಹಿತ್ತಲಲ್ಲಿ ದೊಡ್ಡ ಮೇಪಲ್ ಮರ, ಅದರಡಿ ಹುಲ್ಲೂ ಸರಿಯಾಗಿ ಬರಲ್ಲ. ಹೋದ ವರ್ಷ ಅದರ ಬುಡದ ಹತ್ತಿರ ‘ಬ್ಲೂ ಏಂಜೆಲ್’ ಅನ್ನುವ ಜಾತಿಯ ಹೋಸ್ಟಾ (ನೆರಳಲ್ಲಿ ಅಂದದ ಎಲೆಗಾಗಿ ಬೆಳೆಸುವ ಗಿಡ) ನೆಟ್ಟೆ. ಮೇ ತಿಂಗಳಲ್ಲಿ ಎಲೆ ಚೆನ್ನಾಗಿ ನೀಲಿ ಇತ್ತು. ಈಗ ಆಗಸ್ಟ್, ಮಾಮೂಲಿ ಹಸಿರು. ಹುಳ ಬರದಿರಲಿ ಅಂತ ಬೇವಿನೆಣ್ಣೆ ಸ್ಪ್ರೇ ಮಾಡುತ್ತೇನೆ, ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಗಿಡವೂ ಒಂದಡಿ ದಾಟಿಲ್ಲ. ನರ್ಸರಿಯವರು ಬೇರೆ ಗಿಡ ಕೊಟ್ಟುಬಿಟ್ಟರಾ?

ಉತ್ತರ: ಮೇನಲ್ಲಿ ನೀಲಿ ಇತ್ತಲ್ವಾ? ಹಾಗಿದ್ದರೆ ನರ್ಸರಿಯವರನ್ನು ಬೈಯಬೇಡಿ. ಹೋಸ್ಟಾದ ಎಲೆ ಒಳಗೆ ಹಸಿರೇ. ಅದರ ಮೇಲೆ ತೆಳ್ಳಗೆ ಮೇಣ ಕೂತಿರುತ್ತದೆ, ಕಪ್ಪು ದ್ರಾಕ್ಷಿ ಮೇಲೆ ಬೂದಿ ಬಣ್ಣದ ಪುಡಿ ಇರುತ್ತದಲ್ಲ, ಹಾಗೆ. ಬೆರಳಲ್ಲಿ ಉಜ್ಜಿದರೆ ಆ ಜಾಗದಲ್ಲಿ ಹಸಿರು ಗೆರೆ ಮೂಡುತ್ತದೆ. ಬಿಸಿಲು, ಸೆಕೆ, ಜೋರು ಮಳೆಗೆ ಮೇಣ ತಾನಾಗಿಯೇ ಹೋಗುತ್ತದೆ; ಆಗಸ್ಟ್ ಹೊತ್ತಿಗೆ ಎಲ್ಲರ ಮನೆಯಲ್ಲೂ ನೀಲಿ ಕಮ್ಮಿಯೇ. ನಿಮ್ಮಲ್ಲಿ ಬೇಗ ಹೋಗಿದ್ದು ಬೇವಿನೆಣ್ಣೆ ಮತ್ತು ಬಟ್ಟೆಯಿಂದ. ಊರಿನ ಅಭ್ಯಾಸ, ಎಲ್ಲದಕ್ಕೂ ಬೇವು! ಯಾವ ಎಣ್ಣೆ ಆದರೂ ಮೇಣವನ್ನು ಕರಗಿಸುತ್ತದೆ. ಎರಡನ್ನೂ ನಿಲ್ಲಿಸಿ. ನೀರನ್ನು ಎಲೆ ಮೇಲೆ ಹೊಯ್ಯದೆ ಬುಡಕ್ಕೆ ಬಿಡಿ. ಮುಂದಿನ ವಸಂತದಲ್ಲಿ ಹೊಸ ಎಲೆ ಹೊಸ ಮೇಣದ ಜೊತೆಗೇ ಬರುತ್ತದೆ.

ಗಾತ್ರದ ವಿಷಯಕ್ಕೆ ಬಂದರೆ, ಇದು 3 ಅಡಿ ಎತ್ತರ, 4 ಅಡಿಗೂ ಜಾಸ್ತಿ ಅಗಲ ಹರಡುವ ಗಿಡ. ಆದರೆ ಅಷ್ಟಾಗಲು 5 ವರ್ಷವಾದರೂ ಬೇಕು. ಅದಕ್ಕಿಂತ ನಿಮ್ಮ ಮೇಪಲ್ ದೊಡ್ಡ ತಲೆನೋವು. ಅದರ ಬೇರು ಮೇಲ್ಮಣ್ಣಲ್ಲೇ ಹೆಣೆದುಕೊಂಡು ನೀರನ್ನೆಲ್ಲ ಕುಡಿದುಬಿಡುತ್ತದೆ. ಸೆಪ್ಟೆಂಬರಲ್ಲಿ ಗಿಡವನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ಕಾಂಡದಿಂದ ದೂರ ಸರಿಸಿ. ಬೆಳಗಿನ ಎಳೆ ಬಿಸಿಲು ಬೀಳಲಿ, ಮಧ್ಯಾಹ್ನದ್ದು ಬೇಡ. ಕಗ್ಗತ್ತಲಲ್ಲಿಟ್ಟರೂ ಬೆಳೆಯುವುದಿಲ್ಲ. ಗುಂಡಿಗೆ ಕಾಂಪೋಸ್ಟ್ ಧಾರಾಳವಾಗಿ ಹಾಕಿ.

ಇನ್ನೊಬ್ಬರು: ಮೇಡಂ, ನಮ್ಮದನ್ನು ರಾತ್ರೋರಾತ್ರಿ ಯಾರೋ ಕತ್ತರಿಸಿದ ಹಾಗಿದೆ. ಬರೀ ದಂಟು ಉಳಿದಿದೆ. ಸ್ಲಗ್ (ಚಿಪ್ಪಿಲ್ಲದ ಬಸವನಹುಳು) ಇರಬಹುದಾ?

ಉತ್ತರ: ಸ್ಲಗ್ ಎಲೆಯಲ್ಲಿ ತೂತು ಮಾಡುತ್ತದೆ. ದಂಟು ಬಿಟ್ಟು ಎಲೆಯಷ್ಟೇ ಹೋಗಿದ್ದರೆ ಅದು ಜಿಂಕೆ. ಹೋಸ್ಟಾ ಅಂದರೆ ಅವಕ್ಕೆ ಪ್ರಾಣ. ವಾಸನೆಯ ಸ್ಪ್ರೇ ಮಳೆ ಬಂದಾಗಲೆಲ್ಲ ಮತ್ತೆ ಹೊಡೆಯಬೇಕು. ನನ್ನ ಕೇಳಿದರೆ ಬೇಲಿಯೇ ವಾಸಿ. ಸ್ಲಗ್‌ಗೆ ಐರನ್ ಫಾಸ್ಫೇಟ್ ಹರಳು ಸಾಕು. ನೀಲಿ ಜಾತಿಗಳ ಎಲೆ ದಪ್ಪ, ಹಾಗಾಗಿ ಅದರ ಕಾಟ ಸ್ವಲ್ಪ ಕಮ್ಮಿ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಹುಷಾರು, ಹೋಸ್ಟಾ ತಿಂದರೆ ವಾಂತಿ ಮಾಡುತ್ತವೆ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ! ಮೈಸೂರಿನಿಂದ ಅಮ್ಮ ಬಂದಿದ್ದಾರೆ. ಒಂದು ಗಡ್ಡೆ ಒಯ್ಯಲಾ ಅಂತ ಕೇಳುತ್ತಿದ್ದಾರೆ.

ಉತ್ತರ: ಅಮ್ಮನಿಗೆ ಬೇಡ ಅಂತ ಹೇಳಿ. ಹೋಸ್ಟಾಗೆ ಚಳಿಗಾಲದ ನಿದ್ದೆ ಬೇಕು. ವಾರಗಟ್ಟಲೆ 5 ಡಿಗ್ರಿಗಿಂತ ಕೆಳಗಿನ ಚಳಿ ಸಿಗದಿದ್ದರೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಮೈಸೂರಲ್ಲಿ ಅದೆಲ್ಲಿ ಸಿಗಬೇಕು? ಅಲ್ಲಿನ ನೆರಳಿಗೆ ದೊಡ್ಡ ಎಲೆ ಬೇಕಿದ್ದರೆ ಕೆಸು ಅಥವಾ ಬಣ್ಣದೆಲೆಯ ಕ್ಯಾಲೇಡಿಯಂ ನೆಡಲಿ. ಕೆಸುವಾದರೆ ಪತ್ರೊಡೆಗೂ ಆಯಿತು. ಕ್ಯಾಲೇಡಿಯಂ ಮಾತ್ರ ಬಾಯಿಗೆ ಇಡುವ ಹಾಗಿಲ್ಲ.