ಟೊಮೆಟೊ ಕಾಡು, ಭಾವನ ಕತ್ತರಿ

ಭಾವ: (ಫಾರ್ವರ್ಡ್ ಮಾಡಿದ ವಿಡಿಯೊ: ‘ಟೊಮೆಟೊ ಗಿಡದ ಎಲೆಯೆಲ್ಲ ತೆಗೆಯಿರಿ, ಬುಟ್ಟಿ ತುಂಬ ಹಣ್ಣು’) ಎಲ್ಲರೂ ನೋಡಿ. ಇದನ್ನೇ ನಾನು ಒಂದು ವಾರದಿಂದ ಹೇಳುತ್ತಿದ್ದೇನೆ. ಇವಳು ಕತ್ತರಿ ಮುಟ್ಟೋಕೂ ಬಿಡುವುದಿಲ್ಲ.

ಅಕ್ಕ: ರೀ, ಮೊದಲ ಸಲ ಹಾಕಿದ ಗಿಡ. ಬೋಳು ಮಾಡೋಕೆ ಬಿಡಲ್ಲ.

ಅಕ್ಕ: (ಫೋಟೊ) ಆರು ಕುಂಡ ಇವೆ. ಒಳಗೆ ಕೈ ಹಾಕಿದರೆ ಕೈಯೇ ಕಾಣುವುದಿಲ್ಲ. ಹೂವು ಮಾತ್ರ ಅಲ್ಲೊಂದು ಇಲ್ಲೊಂದು.

ನಾನು: ಅಕ್ಕಾ, ಇದು ಟೊಮೆಟೊನಾ, ಬೇಲಿನಾ?

ಚಿಕ್ಕಪ್ಪ: ಒಂದೆಲೆಯನ್ನೂ ಮುಟ್ಟಬೇಡಿ. ಎಲೆ ಇಲ್ಲದಿದ್ದರೆ ಹಣ್ಣಿಗೆ ಊಟ ಎಲ್ಲಿಂದ ಬರಬೇಕು? ನೆರಳು ಹೋದರೆ ಬಿಸಿಲಿಗೆ ಕಾಯಿ ಸುಟ್ಟು ಬೆಳ್ಳಗಾಗುತ್ತದೆ.

ಭಾವ: ಸರಿ ಚಿಕ್ಕಪ್ಪ, ಕಾಡಾಗಲಿ ಬಿಡಿ. ಹಾವು ಬಂದು ಸಂಸಾರ ಹೂಡಲಿ.

ದೊಡ್ಡಮ್ಮ: ಇಬ್ಬರೂ ಸ್ವಲ್ಪ ಸುಮ್ನಿರಿ. ಪುಟ್ಟಿ, ಗೊಬ್ಬರ ಏನು ಹಾಕಿದೆ?

ಅಕ್ಕ: ಯೂರಿಯಾ ದೊಡ್ಡಮ್ಮ. ಎರಡು ಸಲ.

ಅಕ್ಕ: ಮೂರು.

ದೊಡ್ಡಮ್ಮ: ಅದಕ್ಕೇ. ಸಾರಜನಕ ಜಾಸ್ತಿಯಾದರೆ ಸೊಪ್ಪು ಉಕ್ಕುತ್ತದೆ, ಹೂವು ಕಮ್ಮಿ. ಅದನ್ನು ಮೊದಲು ನಿಲ್ಲಿಸು. ಆಮೇಲೆ ಬೀಜದ ಪ್ಯಾಕೆಟ್ ನೋಡು. ಪೊದೆ ಜಾತಿಯೋ, ಬಳ್ಳಿಯ ಹಾಗೆ ಏರುವ ಜಾತಿಯೋ? ಪೊದೆ ಜಾತಿ ಒಂದು ಎತ್ತರಕ್ಕೆ ತಾನೇ ನಿಲ್ಲುತ್ತದೆ. ಅದರ ಕವಲು ಕತ್ತರಿಸಿದರೆ ಫಸಲನ್ನೇ ಕತ್ತರಿಸಿದ ಹಾಗೆ.

ಅಕ್ಕ: ಪ್ಯಾಕೆಟ್ ಕಸಕ್ಕೆ ಹೋಯಿತು. ಗಿಡ ನನ್ನ ಭುಜದಷ್ಟಿದೆ, ಇನ್ನೂ ಏರುತ್ತಲೇ ಇದೆ.

ದೊಡ್ಡಮ್ಮ: ಹಾಗಿದ್ದರೆ ಏರುವ ಜಾತಿಯೇ ಇರಬೇಕು. ಕಾಂಡಕ್ಕೂ ಎಲೆಗೂ ನಡುವೆ, ಕಂಕುಳಲ್ಲಿ ಚಿಗುರು ಬರುತ್ತಲ್ಲ, ಅದನ್ನು ಬೆರಳುದ್ದ ಆಗುವುದರೊಳಗೆ ಚಿವುಟಬೇಕು. ಈಗ ದಪ್ಪ ಆಗಿರುತ್ತೆ, ಕತ್ತರಿಯೇ ಬೇಕು. ಬುಡದಿಂದ ಒಂದು ಅಡಿವರೆಗಿನ ಎಲೆ ತೆಗೆ. ನೀರು ಹಾಕುವಾಗ ಮಣ್ಣು ಚಿಮ್ಮಿ ಅಂಗಮಾರಿ ರೋಗ ಹತ್ತುವುದು ಅಲ್ಲಿಂದಲೇ. ಎಲೆ ಒದ್ದೆ ಇದ್ದಾಗ ಬೇಡ. ಒಂದೇ ದಿನಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆಗೆಯಬೇಡ. ಕೋಲು ನೆಟ್ಟು ಹಳೇ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟು.

ಚಿಕ್ಕಪ್ಪ: ನಾನು ಹೇಳಿದ್ದೂ ಇದೇ ಅಲ್ವಾ? ಎಲ್ಲ ಕತ್ತರಿಸಬೇಡಿ ಅಂತ.

ನಾನು: ಚಿಕ್ಕಪ್ಪ, ನೀವು ಒಂದೆಲೆಯನ್ನೂ ಮುಟ್ಟಬೇಡಿ ಅಂದಿದ್ದು. ಮೇಲೆ ಹೋಗಿ ನೋಡಿ.

ಚಿಕ್ಕಪ್ಪ: ಎರಡೂ ಒಂದೇ.

ನಾನು: ಭಾವ ಎಲ್ಲಿ? ಅರ್ಧ ಗಂಟೆಯಿಂದ ಸದ್ದೇ ಇಲ್ಲ.

ಅಕ್ಕ: ಅಯ್ಯೋ. ಕತ್ತರಿಯೂ ಕಾಣಿಸುತ್ತಿಲ್ಲ.

ಭಾವ: (ಫೋಟೊ) ಒಂದೇ ಗಿಡ, ಸುಮ್ನೆ ಪ್ರಯೋಗಕ್ಕೆ. ಅತ್ತೆ ಹೇಳಿದ ಹಾಗೆ ಕಂಕುಳ ಚಿಗುರನ್ನೇ ತೆಗೆದಿದ್ದೇನೆ.

ದೊಡ್ಡಮ್ಮ: ಅಳಿಯಂದಿರೇ, ಅದು ಕಂಕುಳಲ್ಲ. ಗಿಡದ ನೆತ್ತಿ.

ಅಕ್ಕ: ರೀ!!!

ದೊಡ್ಡಮ್ಮ: ಕೂಗಾಡಬೇಡ ಪುಟ್ಟಿ. ಎಲ್ಲಕ್ಕಿಂತ ಮೇಲಿರುವ ಕಂಕುಳ ಚಿಗುರನ್ನು ಚಿವುಟದೆ ಬಿಡು, ಅದೇ ನೆತ್ತಿಯಾಗಿ ಏರುತ್ತದೆ. ಕತ್ತರಿಸಿದ ತುದಿ ಎಸೆಯಬೇಡಿ. ನೀರಲ್ಲಿ ನಿಲ್ಲಿಸಿದರೆ ವಾರ ಹತ್ತು ದಿನಕ್ಕೆ ಬೇರು ಬಿಡುತ್ತದೆ.

ಭಾವ: ಅಂದರೆ ನನ್ನಿಂದ ಒಂದು ಗಿಡ ಜಾಸ್ತಿ ಆಯಿತು, ಅಲ್ವಾ?

ಅಕ್ಕ: ಮೊದಲು ಕತ್ತರಿ ತಂದು ಒಳಗಿಡಿ.