ಗೋಬೇರ್ ಟ್ರೇಡ್: ಮೊದಲ ವರ್ಷ ಅಷ್ಟೊಂದು ಒದ್ದಾಡಿದ್ದು ಯಾಕೆ?

ಹೊಸ_ನೋಡುಗ:
ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಈಚೆಗಷ್ಟೇ ನೋಡಲು ಶುರು ಮಾಡಿದ್ದೇನೆ. 2022ರಲ್ಲಿ ಮಿನೆಸೋಟ ಟಿಂಬರ್‌ವುಲ್ವ್ಸ್ ರೂಡಿ ಗೋಬೇರ್‌ಗಾಗಿ ಯೂಟಾ ತಂಡಕ್ಕೆ ಐವರು ಆಟಗಾರರನ್ನು, ಅದರ ಮೇಲೆ ನಾಲ್ಕು ಮೊದಲ ಸುತ್ತಿನ ಪಿಕ್‌ಗಳನ್ನು (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಹಕ್ಕು) ಕೊಟ್ಟಿತಂತೆ. ಆದರೂ ಹಿಂದಿನ ವರ್ಷ 46 ಪಂದ್ಯ ಗೆದ್ದಿದ್ದ ತಂಡ 42ಕ್ಕೆ ಇಳಿಯಿತು. ಮೂರು ಸಲ ಬೆಸ್ಟ್ ಡಿಫೆಂಡರ್ ಆದವನು ಬಂದರೂ ಹೀಗ್ಯಾಕೆ?

ಬೆಂಚ್_ಮಂಜ:
ಗುರು, ಆ ಸೀಸನ್ನನ್ನು ಬೆಳಗಿನ ಕಾಫಿ ಜೊತೆ ನೋಡಿ ಹೊಟ್ಟೆ ಉರಿಸಿಕೊಂಡವನು ನಾನು. ಮಿನೆಸೋಟದ ಟೌನ್ಸ್ ಅಲ್ಲಿಯವರೆಗೆ ಸೆಂಟರ್, ಅಂದರೆ ರಿಂಗ್ ಬಳಿ ಆಡುವ ಎತ್ತರದ ಆಟಗಾರ. ಅದೇ ಜಾಗಕ್ಕೆ ಗೋಬೇರ್ ಬಂದ ಮೇಲೆ ರಿಂಗ್‌ನಿಂದ ಸ್ವಲ್ಪ ಹೊರಗೆ ಆಡುವ ಪವರ್ ಫಾರ್ವರ್ಡ್ ಆಗಿ, ತನಗಿಂತ ಚುರುಕಾದವರ ಹಿಂದೆ ಓಡಬೇಕಾಯಿತು. ತಂಡದ ಇನ್ನೊಬ್ಬ ಸ್ಟಾರ್ ಎಡ್ವರ್ಡ್ಸ್ ರಿಂಗ್ ಕಡೆ ನುಗ್ಗಿದರೆ ಅಲ್ಲಿ ಗೋಬೇರ್, ಜೊತೆಗೆ ಅವನನ್ನು ಕಾಯುವವನು. ಜಾಗ ಎಲ್ಲಿದೆ? ಸರಿ, ಆಡ್ತಾ ಆಡ್ತಾ ಹೊಂದಿಕೊಳ್ಳುತ್ತಾರೆ ಅಂದುಕೊಂಡರೆ ನವೆಂಬರ್‌ನಲ್ಲೇ ಟೌನ್ಸ್ ಮೀನಖಂಡಕ್ಕೆ ಪೆಟ್ಟು. ಇಡೀ ಸೀಸನ್ನಿನಲ್ಲಿ ಆಡಿದ್ದು 29 ಪಂದ್ಯ.

ನನ್ನ ಪ್ರಕಾರ ನಿಜವಾದ ರಿಪೇರಿ ಆಗಿದ್ದು 2023ರ ಫೆಬ್ರವರಿಯ ಇನ್ನೊಂದು ಟ್ರೇಡ್‌ನಲ್ಲಿ. ಚೆಂಡು ನಡೆಸುತ್ತಿದ್ದ ಗಾರ್ಡ್ ರಸೆಲ್ ಲೇಕರ್ಸ್ ತಂಡಕ್ಕೆ ಹೋದ, ಅವನ ಜಾಗಕ್ಕೆ ಮೈಕ್ ಕಾನ್ಲಿ ಬಂದ. ಯೂಟಾದಲ್ಲಿ ಗೋಬೇರ್ ಜೊತೆ ಆಡಿ ಪಳಗಿದವನು. ಪಿಕ್ ಅಂಡ್ ರೋಲ್‌ನಲ್ಲಿ (ಸೆಂಟರ್ ಡಿಫೆಂಡರ್‌ಗೆ ಅಡ್ಡ ನಿಂತು, ಆಮೇಲೆ ರಿಂಗ್ ಕಡೆ ಓಡುವ ಆಟ) ಕಾನ್ಲಿಯನ್ನು ಗಮನಿಸಿ: ಆ ಅಡ್ಡ, ಅಂದರೆ ಸ್ಕ್ರೀನ್, ದಾಟಿದ ಮೇಲೆ ತನ್ನ ಡಿಫೆಂಡರ್‌ನನ್ನು ಬೆನ್ನಿಗೆ ಅಂಟಿಸಿಕೊಂಡು ಒಂದು ಕ್ಷಣ ನಿಧಾನಿಸುತ್ತಾನೆ. ಎದುರಿನ ಸೆಂಟರ್ ಮುಂದೆ ಬಂದನೋ, ಚೆಂಡು ರಿಂಗ್ ಪಕ್ಕ ಮೇಲಕ್ಕೆ. ಗೋಬೇರ್‌ಗೆ ಕೆಳಗೆ ಕೊಟ್ಟರೆ ಕೈ ಜಾರುತ್ತದೆ, ಮೇಲೆ ಕೊಟ್ಟರೆ ಡಂಕ್. ಇಷ್ಟು ಗೊತ್ತಿರುವವನು ಒಬ್ಬ ಬೇಕಿತ್ತು.

ಜೋನ್_ಡಿಫೆನ್ಸ್:
ಮಂಜ, ಕಾನ್ಲಿನ ಜಾಸ್ತಿ ಹೊಗಳಬೇಡ. ಅವನು ಬಂದ ಮೇಲೇ ಅಲ್ವಾ, ಏಪ್ರಿಲ್‌ನಲ್ಲಿ ಟೈಮ್‌ಔಟ್ ನಡುವೆ ಗೋಬೇರ್ ಸ್ವಂತ ತಂಡದ ಕೈಲ್ ಆಂಡರ್ಸನ್‌ಗೇ ಗುದ್ದಿದ್ದು? ಅದೇ ಪಂದ್ಯದಲ್ಲಿ ತಂಡದ ಇನ್ನೊಬ್ಬ ಆಟಗಾರ ಮೆಕ್‌ಡ್ಯಾನಿಯಲ್ಸ್ ಗೋಡೆಗೆ ಗುದ್ದಿ ಕೈ ಮುರಿದುಕೊಂಡ. ಇದಾ ಹೊಂದಾಣಿಕೆ?

ಬೆಂಚ್_ಮಂಜ:
ಜಗಳ ಆಯ್ತು, ಗೋಬೇರ್‌ನ ಒಂದು ಪಂದ್ಯ ಹೊರಗೂ ಕೂರಿಸಿದರು. ಆದರೆ ತಂಡ ಒಡೆಯಲಿಲ್ಲವಲ್ಲ. ಗೋಬೇರ್, ಆಂಡರ್ಸನ್ ಇಬ್ಬರೂ ಮುಂದಿನ ವರ್ಷವೂ ಒಟ್ಟಿಗೆ ಆಡಿದರು. 56 ಗೆಲುವು, ಲೀಗ್‌ನಲ್ಲೇ ನಂಬರ್ ಒನ್ ಡಿಫೆನ್ಸ್. ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಹಂತ) ಡೆನ್ವರ್ ವಿರುದ್ಧದ ಸರಣಿಯಲ್ಲಿ ಅವರ ಸೆಂಟರ್ ಯೋಕಿಚ್‌ನನ್ನು ಟೌನ್ಸ್ ತಡೆದು ನಿಂತ, ಹಿಂದೆ ರಿಂಗ್ ಬಳಿ ಗೋಬೇರ್ ಕಾವಲು. ಒಬ್ಬರಿಗೊಬ್ಬರು ಅಡ್ಡ ಬರುತ್ತಾರೆ ಅಂತ ನಾವೆಲ್ಲ ಬೈದ ಜೋಡಿಯೇ ಅದು.

ಹೊಸ_ನೋಡುಗ:
ಹಾಗಾದರೆ ಅಷ್ಟೆಲ್ಲ ಕೊಟ್ಟಿದ್ದು ದಂಡ ಅಲ್ಲ ಅಂತೀರಾ?

ಬೆಂಚ್_ಮಂಜ:
ಬೆಲೆ ಜಾಸ್ತಿನೇ, ಅದರಲ್ಲಿ ಅನುಮಾನ ಇಲ್ಲ. ಯೂಟಾಗೆ ಕೊಟ್ಟವರಲ್ಲಿ ವಾಕರ್ ಕೆಸ್ಲರ್ ಒಬ್ಬನನ್ನಾದರೂ ಉಳಿಸಿಕೊಳ್ಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಆದರೆ ಡೆನ್ವರ್ ವಿರುದ್ಧದ ಏಳನೇ ಪಂದ್ಯ ಒಮ್ಮೆ ಹುಡುಕಿ ನೋಡಿ. 20 ಪಾಯಿಂಟ್ ಹಿಂದೆ ಬಿದ್ದು ಗೆದ್ದಿದ್ದು.