ಸ್ಕ್ವಾಡ್ರನ್ ಲೀಡರ್ ದೇವಯ್ಯ: ಮಿಸ್ಟೇರ್ ಸ್ಟಾರ್‌ಫೈಟರನ್ನು ಉರುಳಿಸಿದ್ದು ಹೇಗೆ?

ಪ್ರಶ್ನೆ:
ಮಡಿಕೇರಿಯಲ್ಲಿ ಯಾರ ಹೆಸರಿನ ವೃತ್ತವಿದೆಯೋ ಆ ಅಜ್ಜಮಾಡ ಬಿ. ದೇವಯ್ಯ ಅವರ ಯುದ್ಧವಿಮಾನ ಮಿಸ್ಟೇರ್, ಮಟ್ಟಸ ಹಾರಾಟದಲ್ಲಿ ಶಬ್ದದ ವೇಗ ದಾಟುವ ವಿಮಾನವಲ್ಲ. ಎದುರಿಗಿದ್ದ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಅದರ ಎರಡು ಪಟ್ಟು ವೇಗದ್ದು. ಹೀಗಿದ್ದೂ ಅದನ್ನು ಬೀಳಿಸಿದ್ದು ಹೇಗೆ? 1965ರ ಭಾರತ-ಪಾಕ್ ಯುದ್ಧದ ಸಾಹಸಕ್ಕೆ ವೀರಚಕ್ರ ಅಷ್ಟು ತಡವಾಗಿ ಬಂದದ್ದೇಕೆ?

ಉತ್ತರ 1:
ಮೊದಲು ಆ ದಿನದ ಲೆಕ್ಕ. 1965ರ ಸೆಪ್ಟೆಂಬರ್ 7, ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ವಾಯುಪಡೆಯ ನಂ. 1 ಸ್ಕ್ವಾಡ್ರನ್ ದಾಳಿ. ನಾಯಕತ್ವ ವಿಂಗ್ ಕಮಾಂಡರ್ ಒ.ಪಿ. ತನೇಜಾ ಅವರದು. ದೇವಯ್ಯ ಮುಖ್ಯ ತಂಡದಲ್ಲಿರಲಿಲ್ಲ; ಯಾರಾದರೂ ಹಿಂದೆ ಸರಿದರೆ ಆ ಜಾಗಕ್ಕೆ ಹೋಗಬೇಕಾದ ಮೀಸಲು ಪೈಲಟ್. ಒಂದೇ ಕಡೆಗೆ ಸುಮಾರು 300 ಕಿ.ಮೀ. ದೂರ, ಅದೂ ತಗ್ಗಿನಲ್ಲಿ. ತಗ್ಗಿನಲ್ಲಿ ಜೆಟ್ ಎಂಜಿನ್ ಇಂಧನವನ್ನು ಕುಡಿದುಬಿಡುತ್ತದೆ. ಅಂಥಲ್ಲಿ ಕಾದಾಟಕ್ಕೆ ತಿರುಗಿದರೆ ಮನೆಗೆ ಮರಳಲು ಇಂಧನ ಉಳಿಯುವುದೇ ಕಷ್ಟ. ದೇವಯ್ಯ ಅದು ತಿಳಿದೇ ತಿರುಗಿದರು.

ಉತ್ತರ 2:
ಕಾದಾಟದ ವಿಷಯ ಹೇಳುತ್ತೇನೆ. ಎಫ್-104ರಲ್ಲಿದ್ದ ಪಾಕಿಸ್ತಾನಿ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸಿದ ಕ್ಷಿಪಣಿ ನೆಲಕ್ಕೆ ಬಿತ್ತು. ಆಮೇಲೆ 20 ಮಿ.ಮೀ. ಫಿರಂಗಿಯಿಂದ ಹೊಡೆದರು, ಮಿಸ್ಟೇರಿಗೆ ಪೆಟ್ಟು ಬಿತ್ತು. ಕೆಲಸ ಮುಗಿಯಿತೆಂದು ಅವರು ಬೇರೆ ವಿಮಾನಗಳತ್ತ ಹೊರಳಿದರು. ಆದರೆ ಗಾಯಗೊಂಡ ಮಿಸ್ಟೇರ್ ಇನ್ನೂ ಹಾರುತ್ತಿತ್ತು.

ಎಫ್-104ರ ರೆಕ್ಕೆ ಚಿಕ್ಕದು, ತೆಳುವಾದದ್ದು. ನೇರ ಓಟಕ್ಕೆ ಮಾಡಿದ್ದು. ಬಿಗಿಯಾಗಿ ತಿರುಗಹೋದರೆ ವೇಗ ಸೋರಿಹೋಗುತ್ತದೆ, ಆಗ ಎರಡು ಪಟ್ಟು ವೇಗದ ಲಾಭ ಕೈತಪ್ಪುತ್ತದೆ. ಮಿಸ್ಟೇರಿನಲ್ಲಿ 30 ಮಿ.ಮೀ.ಯ ಎರಡು ಡೆಫಾ ಫಿರಂಗಿಗಳಿದ್ದವು, ಒಂದೊಂದು ಗುಂಡೂ ಭಾರಿ ಹಾನಿ ಮಾಡುವಂಥದು. ದೇವಯ್ಯ ಅವುಗಳಿಂದಲೇ ಹೊಡೆದರು. ಅಮ್ಜದ್ ಪ್ಯಾರಾಚೂಟ್ ಹಿಡಿದು ಬದುಕಿದರು, ದೇವಯ್ಯ ಬದುಕಲಿಲ್ಲ.

ಉತ್ತರ 3:
ಒಂದು ತಿದ್ದುಪಡಿ: ವೀರಚಕ್ರ ಅಲ್ಲ, ಮಹಾವೀರ ಚಕ್ರ, 1988ರಲ್ಲಿ, ಮರಣೋತ್ತರ. ನಮ್ಮ ಕಡೆ ಆ ಕಾದಾಟವನ್ನು ಕಣ್ಣಾರೆ ಕಂಡವರಿಲ್ಲದ್ದರಿಂದ ದೇವಯ್ಯ ಕಡತದಲ್ಲಿ ಬರೀ 'ಕಾಣೆಯಾದವರು'. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಲ್ಲಿ ಪಾಕಿಸ್ತಾನಿ ಕಡೆಯ ವಿವರ ಬಂತು. ಅದು ಕಣ್ಣಿಗೆ ಬಿದ್ದಮೇಲೆ ತನೇಜಾ ಅವರೇ ಮುಂದಾಗಿ ಬರೆದು ಬೆನ್ನುಹತ್ತಿದರು. ಎದುರಾಳಿಯ ಸಾಕ್ಷ್ಯವೇ ಕೊಡಗಿನ ಈ ವೀರನ ಪದಕಕ್ಕೆ ದಾರಿ ಮಾಡಿತು. 23 ವರ್ಷ ಹಿಡಿದದ್ದು ಇದಕ್ಕೇ.